ಭಾನುವಾರದ ಮಾತುಕತೆ: ನೆನೆಟ್ಸ್ ಜನರ ಹಿಮಸಾರಂಗದ ಬದುಕು

ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಗೆ ನಮ್ಮ ಆನ್‌ಲೈನ್ ಮಾತುಕತೆಯಲ್ಲಿ, ರಷ್ಯಾದ ಉತ್ತರ ಅಂಚಿನ ಯಮಾಲ್ ಪರ್ಯಾಯ ದ್ವೀಪದಲ್ಲಿ ಹಿಮಸಾರಂಗಗಳೊಡನೆ ವಲಸೆ ಹೋಗುತ್ತ ಬದುಕುವ ನೆನೆಟ್ಸ್ ಜನರ ಬಗ್ಗೆ ಚರ್ಚಿಸಲಿದ್ದೇವೆ.

ಚಳಿಗಾಲವನ್ನು ದಕ್ಷಿಣದ ಕಾಡಂಚಿನಲ್ಲಿ ಕಳೆದು ವಸಂತದಲ್ಲಿ ಉತ್ತರದ ಬಯಲಿನತ್ತ ಹೊರಡುವ ಈ ಕುಟುಂಬಗಳ ಮನೆಯೆಂದರೆ 'ಚುಮ್': ಉದ್ದನೆಯ ಗಳುಗಳನ್ನು ಶಂಕುವಿನಂತೆ ನಿಲ್ಲಿಸಿ, ಸಾರಂಗದ ತೊಗಲು ಹೊದಿಸಿ, ನಡುವೆ ಒಲೆಯಿಟ್ಟ ಡೇರೆ. ಅದನ್ನು ಕಟ್ಟಿ, ಬಿಚ್ಚಿ, ಜಾರುಬಂಡಿಗೆ ಹೇರುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಗಂಡಸರು ಹಗ್ಗ ಬೀಸಿ ಸಾರಂಗ ಹಿಡಿಯುವುದನ್ನಷ್ಟೇ ಕೊಂಡಾಡದೆ, ನಾವು ಚರ್ಚೆಯಲ್ಲಿ ಹೆಂಗಸರ ಈ ದುಡಿಮೆಗೂ ಸಮಯ ಕೊಡಬೇಕೆಂಬುದು ನನ್ನ ಆಗ್ರಹ.

2013ರ ನವೆಂಬರ್‌ನಲ್ಲಿ ಹಿಮದ ಮೇಲೆ ಮಳೆ ಸುರಿದು ನೆಲವೆಲ್ಲ ಮಂಜುಗಡ್ಡೆಯಾದಾಗ, ಗೊರಸಿನಿಂದ ಎಷ್ಟು ಕೆದಕಿದರೂ ಮೇವು ಸಿಗದೆ ಯಮಾಲ್‌ನಲ್ಲಿ ಸುಮಾರು 61,000 ಸಾರಂಗಗಳು ಹಸಿದು ಸತ್ತವು. ಚರ್ಚೆಯ ಅರ್ಧ ಭಾಗವನ್ನು ಇದಕ್ಕೇ ಮೀಸಲಿಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ತಿಳಿಸಿ, ಪ್ರಶ್ನೆಗಳಿದ್ದರೆ ಜೊತೆಗೇ ಬರೆಯಿರಿ; ಲಿಂಕ್ ಅನ್ನು ಶನಿವಾರ ಹಾಕುತ್ತೇನೆ. ಹೊರಗಿನವರು ಇಟ್ಟ 'ಸಮೊಯೆಡ್' ಎಂಬ ಹಳೆಯ ಹೆಸರನ್ನು ಬಳಸದೆ, ಅವರೇ ಹೇಳಿಕೊಳ್ಳುವ 'ನೆನೆಟ್ಸ್' ಎಂಬ ಹೆಸರಿನಿಂದಲೇ ಕರೆಯಬೇಕೆಂದು ಎಲ್ಲರಲ್ಲೂ ವಿನಂತಿ.