ಬೆರಳಿನ ಗಂಟು ಊದಿದ್ರೆ ಬರೀ ಎಣ್ಣೆ ತಿಕ್ಕಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮಕ್ಕಂಗೆ ಬೆಳಗ್ಗೆ ಎದ್ರೆ ಬೆರಳು ಮಡಚೋಕೇ ಆಗ್ತಿರ್ಲಿಲ್ಲ, ಚಪಾತಿ ಹಿಟ್ಟು ನಾದೋಕೆ ಒಂದು ಗಂಟೆ ಕಾಯ್ಬೇಕು, ನಾವು ಲೋಕಲ್ ಟ್ರೈನಲ್ಲಿ ನೇತಾಡಿದ್ದಕ್ಕೆ ಅಂದ್ಕೊಂಡು ಎಣ್ಣೆ ತಿಕ್ಕಿ ಆರು ತಿಂಗಳು ಕಳೆದ್ವಿ. ನೋಡಿದ್ರೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ದೇಹದ ರೋಗನಿರೋಧಕ ಶಕ್ತಿನೇ ಕೀಲುಗಳ ಮೇಲೆ ತಿರುಗಿ ಬೀಳೋ ಸಂಧಿವಾತ; ಅದನ್ನ ಪತ್ತೆ ಹಚ್ಚೋ ಆಂಟಿ ಸಿಸಿಪಿ ಅನ್ನೋ ರಕ್ತಪರೀಕ್ಷೆ ಪಾಸಿಟಿವ್. ಅಜ್ಜಿ ಬೆರಳೂ ಸೊಟ್ಟಗಿತ್ತು, ಯಾರಿಗೂ ಹೊಳೀಲಿಲ್ಲ!

ಎಚ್‌ಎಲ್‌ಎ-ಡಿಆರ್‌ಬಿ1 ಅನ್ನೋ ಜೀನಿನ ಕೆಲವು ರೂಪ ಇದ್ದೋರಿಗೆ ಈ ಕಾಯಿಲೆ ಬರೋ ಚಾನ್ಸೂ ಜಾಸ್ತಿ, ಬಂದ್ರೆ ಮೂಳೆ ಬೇಗ ಸವೆಯೋ ಚಾನ್ಸೂ ಜಾಸ್ತಿ, ಮೇಲೆ ಸಿಗರೇಟು ಸೇರಿದ್ರಂತೂ ಕೇಳ್ಬೇಡಿ. ಹಾಗಂತ ಹಣೆಬರಹ ಅಲ್ಲ, ತದ್ರೂಪಿ ಅವಳಿಗಳಲ್ಲೂ ಒಬ್ರಿಗಿದ್ರೆ ಇನ್ನೊಬ್ರಿಗೆ ಬರೋದು ಸುಮಾರು 15% ಅಷ್ಟೇ.

ನಿಮ್ಮ ಆರೋಗ್ಯದ ಪುಟದಲ್ಲಿ ಮೆಂತ್ಯ ನೀರಿನ ಪಕ್ಕ ಇದಕ್ಕೂ ಸ್ವಲ್ಪ ಜಾಗ ಕೊಡಿ.

– ಒಬ್ಬ ಓದುಗ, ಡೊಂಬಿವ್ಲಿ, ಮುಂಬೈ