ಚೋಕ್ ಟ್ಯೂಬ್: ಹಣೆಪಟ್ಟಿ ನಂಬಿ ಮೋಸಹೋಗಬೇಡಿ

ಮಾನ್ಯ ಸಂಪಾದಕರೇ,

ಕ್ಲೇ ಶೂಟಿಂಗ್ (ಗಾಳಿಗೆ ಎಸೆದ ಮಣ್ಣಿನ ತಟ್ಟೆಯನ್ನು ಕೋವಿಯಿಂದ ಒಡೆಯುವ ಆಟ) ಕಲಿಯಲು ಬರುವವರಲ್ಲಿ ಹೆಚ್ಚಿನವರು ಚೋಕ್, ಅಂದರೆ ನಳಿಗೆಯ ತುದಿಯ ಬಿಗಿತದ ಬಗ್ಗೆ ಒಂದೇ ಮಾತು ಕೇಳಿಕೊಂಡು ಬಂದಿರುತ್ತಾರೆ: ಹತ್ತಿರಕ್ಕೆ ಸಡಿಲ, ದೂರಕ್ಕೆ ಬಿಗಿ. ಮಾತೇನೋ ಸುಳ್ಳಲ್ಲ. ಆದರೆ ಅಷ್ಟನ್ನೇ ನೆಚ್ಚಿಕೊಂಡು ‘ಫುಲ್’ ಎಂದು ಕೆತ್ತಿದ ಅತಿ ಬಿಗಿಯ ಟ್ಯೂಬ್ ಹಾಕಿ, ತಟ್ಟೆ ಒಡೆಯದಿದ್ದಾಗ ತಮ್ಮ ಕೈಯನ್ನೂ ಕಣ್ಣನ್ನೂ ಹಳಿದುಕೊಳ್ಳುವವರು ಬಹಳ. ನಿಮ್ಮ ಕೋವಿಯಲ್ಲಿ ನಿಮ್ಮ ತೋಟಾ ಹಾರಿಸಿದರೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹೇಗೆ ಹರಡುತ್ತದೆ ಎಂಬುದು ಟ್ಯೂಬ್ ಮೇಲಿನ ಹೆಸರಿಗೆ ಗೊತ್ತಿರುವುದಿಲ್ಲ. 40 ಗಜ ದೂರದಲ್ಲಿ ಕಟ್ಟಿದ ಒಂದು ಹಾಳೆ ಕಾಗದ ಅದನ್ನು ತೋರಿಸುತ್ತದೆ. ಆ ಪರೀಕ್ಷೆಯನ್ನು ಕ್ರಮವಾಗಿ ಮಾಡುವವರು ತೀರಾ ಕಡಿಮೆ ಎಂಬ ಕಾರಣಕ್ಕೆ ಈ ಪತ್ರ.

ನಳಿಗೆಯ ಬಾಯಿಯ ಹತ್ತಿರ, ಕೊನೆಯ ಕೆಲವು ಸೆಂಟಿಮೀಟರ್‌ಗಳಲ್ಲಿ ಒಳವ್ಯಾಸ ತುಸು ಕಿರಿದಾಗುವುದೇ ಚೋಕ್. ಅದಕ್ಕಾಗಿ ಬಾಯಿಗೆ ತಿರುಗಿಸಿ ಕೂರಿಸುವ, ಬದಲಿಸಬಹುದಾದ ಕೊಳವೆಯೇ ಚೋಕ್ ಟ್ಯೂಬ್. ಈ ಬಿಗಿತವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. ಶೂಟರ್‌ಗಳ ಬಾಯಲ್ಲಿ ಅದು ‘ಪಾಯಿಂಟ್’. 12 ಬೋರ್ (ಬೋರ್ ಎಂದರೆ ನಳಿಗೆಯ ಗಾತ್ರದ ಹೆಸರು) ಕೋವಿಯ ರೂಢಿಯ ಒಳವ್ಯಾಸ 0.729 ಇಂಚು, ಅಂದರೆ ಸುಮಾರು 18.5 ಮಿ.ಮೀ. ಸಡಿಲದಿಂದ ಬಿಗಿಯವರೆಗೆ ಚೋಕ್ ಹೆಸರುಗಳೂ ಅಳತೆಗಳೂ ಹೀಗೆ: ಸಿಲಿಂಡರ್‌ಗೆ ಬಿಗಿತ ಸೊನ್ನೆ, ಸ್ಕೀಟ್‌ಗೆ 5 ಪಾಯಿಂಟ್, ಇಂಪ್ರೂವ್ಡ್ ಸಿಲಿಂಡರ್‌ಗೆ 10, ಮಾಡಿಫೈಡ್‌ಗೆ 20, ಇಂಪ್ರೂವ್ಡ್ ಮಾಡಿಫೈಡ್‌ಗೆ 25ರಿಂದ 30, ಫುಲ್‌ಗೆ 35ರಿಂದ 40. ಸಡಿಲದಿಂದ ಅತಿ ಬಿಗಿಯವರೆಗಿನ ಇಡೀ ವ್ಯತ್ಯಾಸ ಒಂದೇ ಒಂದು ಮಿಲಿಮೀಟರ್.

ಇಷ್ಟು ಸಣ್ಣ ಅಳತೆಯಾದ್ದರಿಂದಲೇ ಹೆಸರು ಕೈಕೊಡುತ್ತದೆ. ನಳಿಗೆಯ ಒಳವ್ಯಾಸದಲ್ಲಿ ಟ್ಯೂಬಿನ ಅತಿ ಕಿರಿದಾದ ಜಾಗದ ವ್ಯಾಸವನ್ನು ಕಳೆದರೆ ಸಿಗುವುದು ಬಿಗಿತ. ಹಾಗಾಗಿ ನಳಿಗೆ ಬದಲಾದರೆ ಲೆಕ್ಕವೂ ಬದಲು. 0.709 ಇಂಚಿನ ಟ್ಯೂಬ್ ಒಂದನ್ನು 0.729ರ ನಳಿಗೆಗೆ ಹಾಕಿದರೆ 20 ಪಾಯಿಂಟ್, ಸರಿಯಾದ ಮಾಡಿಫೈಡ್. ಅದನ್ನೇ 0.722ರ ನಳಿಗೆಗೆ ಹಾಕಿದರೆ 13 ಪಾಯಿಂಟ್; ಕೆತ್ತಿದ ಹೆಸರು ಮಾಡಿಫೈಡ್, ಕೆಲಸ ಇಂಪ್ರೂವ್ಡ್ ಸಿಲಿಂಡರ್‌ಗಿಂತ ಸ್ವಲ್ಪ ಹೆಚ್ಚು. ಒಳಗೆ ಅಗಲಿಸಿ ಕೊರೆದ ನಳಿಗೆಗಳು 0.740 ದಾಟುವುದೂ ಉಂಟು. ಇವನ್ನು ಅಳೆಯಲು ಸಾಮಾನ್ಯ ವರ್ನಿಯರ್ ಸಾಲದು. ಅದರ ದವಡೆ ಬಾಯಿಯ ಅಂಚನ್ನಷ್ಟೇ ಮುಟ್ಟುತ್ತದೆ. ಒಳಗಿನ ಮೂರು ಬಿಂದುಗಳನ್ನು ಒಟ್ಟಿಗೆ ಮುಟ್ಟುವ ಬೋರ್ ಗೇಜ್ ಬೇಕು. ಒಳ್ಳೆಯ ಕೋವಿ ರಿಪೇರಿಯವರ ಬಳಿ ಇದು ಇದ್ದೇ ಇರುತ್ತದೆ. 20 ಬೋರ್‌ನ ಒಳವ್ಯಾಸ 0.615 ಇಂಚು ಮಾತ್ರ, ಅಲ್ಲಿ ಅದೇ 20 ಪಾಯಿಂಟ್ ಹೆಚ್ಚು ಬಿಗಿಯಾಗಿ ಕೆಲಸ ಮಾಡುತ್ತದೆ. ಒಂದು ಬೋರ್‌ನ ಸಂಖ್ಯೆಯನ್ನು ಇನ್ನೊಂದಕ್ಕೆ ಒಯ್ಯಬೇಡಿ.

ಅನೇಕ ತಯಾರಕರು ಟ್ಯೂಬಿನ ಅಂಚಿನಲ್ಲಿ ಗೀರುಗಳನ್ನು ಕೊರೆದಿರುತ್ತಾರೆ: ಒಂದು ಗೀರು ಫುಲ್, ಎರಡು ಇಂಪ್ರೂವ್ಡ್ ಮಾಡಿಫೈಡ್, ಮೂರು ಮಾಡಿಫೈಡ್, ನಾಲ್ಕು ಇಂಪ್ರೂವ್ಡ್ ಸಿಲಿಂಡರ್, ಐದು ಸಿಲಿಂಡರ್. ಗೀರು ಹೆಚ್ಚಿದಷ್ಟೂ ಸಡಿಲ ಎಂದು ನೆನಪಿಟ್ಟರೆ ಸಾಕು. ಈ ಗೀರು ನೋಡಲು ಬಾಯಿಯತ್ತ ಬಗ್ಗುವ ಮೊದಲು ಕೋವಿಯನ್ನು ಮಡಚಿ ತೆರೆದು, ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಸಾಧ್ಯವಿದ್ದರೆ ನಳಿಗೆಯನ್ನೇ ಕಳಚಿ ಕೈಗೆ ತೆಗೆದುಕೊಳ್ಳಿ.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಥ್ರೆಡ್ (ಟ್ಯೂಬನ್ನು ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳು) ಯಾವುದು ಎಂದು. ಒಂದೇ ಕಂಪನಿಯ ಎರಡು ಥ್ರೆಡ್‌ಗಳೂ ಒಂದಕ್ಕೊಂದು ಕೂಡುವುದಿಲ್ಲ. ಬ್ರೌನಿಂಗ್‌ನ ಇನ್ವೆಕ್ಟರ್ ಟ್ಯೂಬ್ ಇನ್ವೆಕ್ಟರ್ ಪ್ಲಸ್ ನಳಿಗೆಗೆ ಹೊಂದುವುದಿಲ್ಲ. ಎರಡು ಸುತ್ತು ತಿರುಗಿತೆಂದು ‘ಕೂತಿತು’ ಎನ್ನಬೇಡಿ. ಟ್ಯೂಬಿನ ಹಿಂತುದಿ ನಳಿಗೆಯೊಳಗಿನ ಮೆಟ್ಟಿಲಿಗೆ ಪೂರ್ತಿ ಒತ್ತಿ ಕೂರಬೇಕು, ಮತ್ತು ಆ ತುದಿಯ ಒಳವ್ಯಾಸ ನಳಿಗೆಯ ಒಳವ್ಯಾಸಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. ಚಿಕ್ಕದಿದ್ದು ಅಂಚು ಒಳಗೆ ಚಾಚಿಕೊಂಡಿದ್ದರೆ, ಚರೆ ಹೊತ್ತು ಬರುವ ಪ್ಲಾಸ್ಟಿಕ್ ವಾಡ್ ಅದಕ್ಕೆ ಬಡಿಯುತ್ತದೆ. ಟ್ಯೂಬ್ ಸೀಳಬಹುದು, ನಳಿಗೆ ಉಬ್ಬಬಹುದು. ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ: ಟ್ಯೂಬ್ ಶುರುವಾಗುವ ಕಡೆ ತೆಳುವಾದ ಕಪ್ಪು ಉಂಗುರ ಕಂಡರೆ ಸರಿ, ಹೊಳೆಯುವ ಅಂಚು ಕಂಡರೆ ಆ ಟ್ಯೂಬನ್ನು ಬಳಸಬೇಡಿ.

ಉಕ್ಕಿನ ಚರೆ ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. ಸೀಸ ಒತ್ತಡಕ್ಕೆ ಬಗ್ಗುತ್ತದೆ, ಉಕ್ಕು ಬಗ್ಗುವುದಿಲ್ಲ. ಅದೇ ಕಾರಣಕ್ಕೆ ಉಕ್ಕಿನ ಚರೆ ದುಂಡಗೇ ಉಳಿದು ಒತ್ತಾಗಿ ಹೋಗುತ್ತದೆ. ಮಾಡಿಫೈಡ್‌ನಲ್ಲೇ ಸೀಸದ ಫುಲ್‌ಗೆ ಹತ್ತಿರದ ಹರಡು ಸಿಗುತ್ತದೆ. ಫುಲ್‌ನಲ್ಲಿ ಅದನ್ನು ಹಾರಿಸುವುದು ನಳಿಗೆಗೆ ಅಪಾಯ. ಟ್ಯೂಬ್ ಮೇಲೆ ಉಕ್ಕಿಗೆ ಒಪ್ಪುತ್ತದೆಯೇ ಇಲ್ಲವೇ ಎಂದು ಗುರುತು ಇರುತ್ತದೆ, ಅದನ್ನು ಓದಿ.

ಈಗ ಪರೀಕ್ಷೆಗೆ ಬರೋಣ. ಶೂಟಿಂಗ್ ರೇಂಜ್‌ನಲ್ಲಿ, ಗುರಿಯ ಹಿಂದೆ ಕನಿಷ್ಠ 300 ಗಜ ಯಾರೂ ಸುಳಿಯದ ಜಾಗ ಇರುವ ಕಡೆ ಮಾತ್ರ ಇದನ್ನು ಮಾಡಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಕಡ್ಡಾಯ. 48 ಇಂಚು ಚದರದ ಕಾಗದವನ್ನು ಮರದ ಚೌಕಟ್ಟಿಗೆ ಬಿಗಿದು ನಡುವೆ ಅಂಗೈ ಅಗಲದ ಕಪ್ಪು ಬೊಟ್ಟು ಇಡಿ. ನಳಿಗೆಯ ಬಾಯಿಯಿಂದ ಕಾಗದಕ್ಕೆ 40 ಗಜ, ಅಂದರೆ 36.6 ಮೀಟರ್, ಹೆಜ್ಜೆ ಎಣಿಸದೆ ಟೇಪ್ ಹಿಡಿದು ಅಳೆಯಿರಿ. ಒಂದು ಕಾಗದಕ್ಕೆ ಒಂದೇ ಈಡು. ಪ್ರತಿ ಕಾಗದದ ಮೂಲೆಯಲ್ಲಿ ಟ್ಯೂಬ್, ತೋಟಾ, ಚರೆಯ ಗಾತ್ರ, ತೂಕ, ದೂರ ಬರೆದಿಡಿ. ಇದನ್ನು ಮೈದಾನದಲ್ಲೇ ಬರೆಯದಿದ್ದರೆ ಸಂಜೆ ಹತ್ತು ಕಾಗದ ಮುಂದಿಟ್ಟುಕೊಂಡು ಯಾವುದು ಯಾವ ಟ್ಯೂಬಿನದ್ದೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಒಂದು ಟ್ಯೂಬಿಗೆ ಎಷ್ಟು ಈಡು? ಐದಕ್ಕಿಂತ ಕಡಿಮೆ ಬೇಡ, ಹತ್ತಾದರೆ ಒಳ್ಳೆಯದು. ಒಂದೇ ನಳಿಗೆ, ಒಂದೇ ಡಬ್ಬದ ತೋಟಾ ಆದರೂ 30 ಇಂಚಿನ ವೃತ್ತದೊಳಗೆ ಬಿದ್ದ ಚರೆ ಒಂದು ಕಾಗದದಲ್ಲಿ ಶೇ 58, ಮುಂದಿನದರಲ್ಲಿ ಶೇ 66 ಬಂದರೆ ಅಚ್ಚರಿಯಿಲ್ಲ. ಒಂದೇ ಈಡು ನೋಡಿ ಈ ಟ್ಯೂಬ್ ಒಳ್ಳೆಯದು, ಅದು ಕೆಟ್ಟದ್ದು ಎಂದು ತೀರ್ಪು ಕೊಡುವುದು ಶುದ್ಧ ತಪ್ಪು. ಸರಾಸರಿಯಲ್ಲಿ ಎರಡು ಟ್ಯೂಬ್‌ಗಳ ನಡುವೆ ಶೇ 3 ಅಂತರ ಮಾತ್ರ ಕಂಡರೆ ಎರಡೂ ಒಂದೇ ಎಂದು ತಿಳಿಯಿರಿ.

ಎಣಿಸುವಾಗ ವೃತ್ತವನ್ನು ಕಪ್ಪು ಬೊಟ್ಟಿನ ಸುತ್ತ ಎಳೆಯುವುದಲ್ಲ. ತೂತುಗಳು ಎಲ್ಲಿ ಅತಿ ಒತ್ತಾಗಿವೆಯೋ ಅದನ್ನು ನಡು ಮಾಡಿಕೊಂಡು 30 ಇಂಚು ವ್ಯಾಸದ ವೃತ್ತ ಎಳೆಯಿರಿ: ದಾರದ ಒಂದು ತುದಿಗೆ ಮೊಳೆ, 15 ಇಂಚಿಗೆ ಪೆನ್ಸಿಲ್. ಅದೇ ನಡುವಿನಿಂದ 21 ಇಂಚು ವ್ಯಾಸದ ಇನ್ನೊಂದು ವೃತ್ತ. ಇದು ದೊಡ್ಡ ವೃತ್ತದ ವಿಸ್ತೀರ್ಣವನ್ನು ಹೆಚ್ಚುಕಡಿಮೆ ಎರಡು ಸಮಪಾಲು ಮಾಡುತ್ತದೆ. ಬಳಿಕ ಅಡ್ಡ ಒಂದು, ಉದ್ದ ಒಂದು ಗೆರೆ ಹಾಕಿ ನಾಲ್ಕು ಭಾಗ ಮಾಡಿ, ಎಣಿಸಿದ ಪ್ರತಿ ತೂತನ್ನೂ ಕೆಂಪು ಪೆನ್ನಿನಿಂದ ಗುರುತು ಮಾಡುತ್ತ ಹೋಗಿ. ತೋಟಾದಲ್ಲಿ ನಿಜಕ್ಕೂ ಎಷ್ಟು ಚರೆ ಇದೆ ಎಂದು ತಿಳಿಯಲು ಅದೇ ಡಬ್ಬದ ಎರಡು ಮೂರು ತೋಟಾಗಳ ಮಡಿಕೆ ಬಿಡಿಸಿ, ಚರೆಯನ್ನು ತಟ್ಟೆಗೆ ಸುರಿದು ಎಣಿಸಿ. ಬಿಚ್ಚಿದ ತೋಟಾಗಳನ್ನು ಮತ್ತೆ ಹಾರಿಸಬೇಡಿ. ಡಬ್ಬದ ಮೇಲಿನ ಚರೆ ಗಾತ್ರದ ನಂಬರ್ ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಚರೆಯ ಮಿಲಿಮೀಟರ್ ಅಳತೆಯನ್ನೇ ಹಿಡಿಯಿರಿ.

ವೃತ್ತದೊಳಗಿನ ತೂತುಗಳನ್ನು ಒಟ್ಟು ಚರೆಯಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. 40 ಗಜದಲ್ಲಿ ರೂಢಿಯ ಲೆಕ್ಕ: ಸಿಲಿಂಡರ್ ಶೇ 40, ಇಂಪ್ರೂವ್ಡ್ ಸಿಲಿಂಡರ್ ಶೇ 50, ಮಾಡಿಫೈಡ್ ಶೇ 60, ಫುಲ್ ಶೇ 70. ನಿಮ್ಮ ಟ್ಯೂಬಿನ ನಿಜವಾದ ಹೆಸರು ಇದು, ಕೆತ್ತಿದ್ದನ್ನು ಮರೆಯಿರಿ.

ಆದರೆ ಶೇಕಡಾವಾರಿಗೇ ನಿಂತರೆ ಅರ್ಧ ಕೆಲಸ. 2.4 ಮಿ.ಮೀ. ಸೀಸದ ಚರೆ 28 ಗ್ರಾಂ ತೋಟಾದಲ್ಲಿ ಸುಮಾರು 345 ಇರುತ್ತದೆ, ಒಲಿಂಪಿಕ್ ಸ್ಪರ್ಧೆಯ 24 ಗ್ರಾಂ ತೋಟಾದಲ್ಲಿ ಸುಮಾರು 295. ಎರಡೂ ಶೇ 60 ಕೊಟ್ಟರೆ ಮೊದಲನೆಯದರಲ್ಲಿ ವೃತ್ತದೊಳಗೆ 207 ತೂತು, ಎರಡನೆಯದರಲ್ಲಿ 177. ಮೂವತ್ತು ಚರೆ ಕಡಿಮೆಯಾದರೆ ಏನಾಗುತ್ತದೆ ಎಂದು ಕಣ್ಣಾರೆ ನೋಡಲು ಒಂದು ಉಪಾಯವಿದೆ. ರಟ್ಟಿನಲ್ಲಿ 110 ಮಿ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ. ಸ್ಪರ್ಧೆಯ ಮಣ್ಣಿನ ತಟ್ಟೆಯ ಅಗಲ ಅಷ್ಟೇ. ಇನ್ನೊಂದು ತುಂಡನ್ನು 110 ಉದ್ದ, 25 ಎತ್ತರಕ್ಕೆ ಕತ್ತರಿಸಿ. ತಟ್ಟೆ ಅಂಚು ತೋರಿಸಿ ಹಾರುವಾಗ ಕಾಣುವುದು ಇಷ್ಟು. ಎರಡನ್ನೂ ಕಾಗದದ ಮೇಲೆ ಜಾರಿಸುತ್ತ ಹೋಗಿ, ಎಲ್ಲಿ ಎಷ್ಟು ತೂತು ಮುಚ್ಚುತ್ತದೆ ನೋಡಿ. 207 ತೂತುಗಳ ಕಾಗದದಲ್ಲಿ ದುಂಡು ಬಿಲ್ಲೆಗೆ ಸರಾಸರಿ ನಾಲ್ಕು ಚರೆ ಸಿಗುತ್ತವೆ, ಅಂಚಿನ ತುಂಡಿಗೆ ಒಂದು ಚಿಲ್ಲರೆ. ಸರಾಸರಿ ಒಂದು ಎಂದರೆ ಒಂದೂ ಸಿಗದ ಜಾಗಗಳೂ ಬೇಕಾದಷ್ಟಿವೆ ಎಂದರ್ಥ. ‘ಸರಿಯಾಗಿ ಹೊಡೆದೆ, ತಟ್ಟೆ ಹಾಗೇ ಹೋಯಿತು’ ಎಂಬ ದೂರಿಗೆ ಎಷ್ಟೋ ಸಲ ಉತ್ತರ ಈ ರಟ್ಟಿನ ತುಂಡಿನ ಕೆಳಗೇ ಇರುತ್ತದೆ. ಒಳವೃತ್ತ ತುಂಬಿ ತುಳುಕಿ ಹೊರಗಿನ ಪಟ್ಟಿ ಬರಿದಾಗಿದ್ದರೆ ಬಿಗಿತ ಆ ದೂರಕ್ಕೆ ಜಾಸ್ತಿಯಾಯಿತು. ಎಲ್ಲೆಡೆ ತೆಳುವಾಗಿದ್ದರೆ ಬಿಗಿತ ಕಡಿಮೆ.

ಬಿಗಿ ಮಾಡುತ್ತಲೇ ಹೋದರೆ ಹರಡು ಒತ್ತಾಗುತ್ತಲೇ ಹೋಗುವುದಿಲ್ಲ. ಒಂದು ಹಂತ ದಾಟಿದರೆ ಮೆತ್ತನೆಯ ಸೀಸದ ಚರೆ ಹಿಂಡಿಕೊಂಡು ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಗಾಳಿಯಲ್ಲಿ ಪಕ್ಕಕ್ಕೆ ಸಿಡಿಯುತ್ತದೆ. 40 ಪಾಯಿಂಟ್ ದಾಟಿದ ಟ್ಯೂಬ್, 30 ಪಾಯಿಂಟ್‌ಗಿಂತ ಕಡಿಮೆ ಶೇಕಡಾವಾರು ಕೊಡುವುದುಂಟು. ಆಗ ಟ್ಯೂಬ್ ಬದಲಿಸುವ ಮೊದಲು ಆಂಟಿಮನಿ ಹೆಚ್ಚಿರುವ ಗಟ್ಟಿ ಚರೆಯ ತೋಟಾ ಹಾಕಿ ನೋಡಿ, ಇಲ್ಲವೇ ವೇಗ ಕಡಿಮೆ ಇರುವುದನ್ನು. ತೋಟಾ ಬದಲಾದರೆ ಒಂದು ಟ್ಯೂಬ್ ಬದಲಿಸಿದಷ್ಟೇ ವ್ಯತ್ಯಾಸ ಬರಬಹುದು.

ಕೊನೆಗೆ ನಿಮ್ಮ ಆಟದ ದೂರದಲ್ಲೇ ಮತ್ತೊಂದು ಸುತ್ತು ಪರೀಕ್ಷೆ ಮಾಡಬೇಕು. ಸ್ಕೀಟ್ ಎಂಬ ಆಟದಲ್ಲಿ ತಟ್ಟೆ ಹೆಚ್ಚಾಗಿ 20 ಗಜದ ಆಸುಪಾಸಿನಲ್ಲಿ ಒಡೆಯುತ್ತದೆ. ಆ ದೂರಕ್ಕೆ ಫುಲ್‌ನ ಚರೆ ಹರಡುವುದು ಸುಮಾರು 16 ಇಂಚು, ಇಂಪ್ರೂವ್ಡ್ ಸಿಲಿಂಡರ್‌ನದು ಸುಮಾರು 26. ಹತ್ತು ಇಂಚು ಹೆಚ್ಚು ಅಗಲಕ್ಕೆ ಹರಡಿ ತಪ್ಪಿಗೆ ಅವಕಾಶ ಕೊಡುವುದನ್ನು ಬಿಟ್ಟು ಬಿಗಿ ಟ್ಯೂಬ್ ಹಾಕಿಕೊಳ್ಳುವುದರಲ್ಲಿ ಅರ್ಥವಿಲ್ಲ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ತಟ್ಟೆ ಹೊರಡುವುದೇ ಶೂಟರ್‌ನಿಂದ 15 ಮೀಟರ್ ಮುಂದೆ, ಅದೂ ದೂರ ಓಡುತ್ತಲೇ. ಮೊದಲ ಈಡು ತಲುಪುವಾಗ 30 ಮೀಟರ್ ದಾಟಿರುತ್ತದೆ, ಎರಡನೆಯದು ಇನ್ನೂ ಆಚೆ. ಅಲ್ಲಿ ಜೋಡಿ ನಳಿಗೆಯ ಕೋವಿಯ ಮೊದಲ ನಳಿಗೆಗೆ ಇಂಪ್ರೂವ್ಡ್ ಮಾಡಿಫೈಡ್, ಎರಡನೆಯದಕ್ಕೆ ಫುಲ್ ಎಂಬುದಕ್ಕೆ ಕಾರಣವಿದೆ. ಹೊಸಬರಿಗೆ ನಮ್ಮ ಸಲಹೆ ಇಂಪ್ರೂವ್ಡ್ ಸಿಲಿಂಡರ್‌ನಿಂದ ಶುರುಮಾಡಿ ಎಂದು. ಹೊಳೆಯುವ ಬಣ್ಣದ, ತೂತು ಕೊರೆದ ಟ್ಯೂಬ್‌ಗಳಿಗೆ ಹಣ ಸುರಿಯುವ ಬದಲು ಆ ಹಣಕ್ಕೆ ಪರೀಕ್ಷೆಯ ತೋಟಾ ಕೊಳ್ಳಿ.

ಹರಡಿನ ನಡು ಬೊಟ್ಟಿನಿಂದ ಎಷ್ಟು ದೂರ ಬಿದ್ದಿದೆ ಎಂದೂ ಬರೆದಿಡಿ. 40 ಗಜದಲ್ಲಿ 3 ಇಂಚು ಮೇಲೆ ಬಿದ್ದರೆ ಅದು 60-40ರ ಹರಡು, ಅಂದರೆ ಶೇ 60 ಚರೆ ಗುರಿಯ ಮೇಲೆ, ಶೇ 40 ಕೆಳಗೆ. ಏರುತ್ತ ಹೋಗುವ ಟ್ರ್ಯಾಪ್ ತಟ್ಟೆಗೆ ಅದು ಬೇಕಾದದ್ದೇ. ಆದರೆ ಒಂದು ಟ್ಯೂಬಿನಲ್ಲಿ ಮಾತ್ರ ಹತ್ತೂ ಈಡು ಎಡಕ್ಕೋ ಬಲಕ್ಕೋ ವಾಲಿದರೆ ಆ ಟ್ಯೂಬಿನ ತೂತು ನೇರವಾಗಿಲ್ಲ, ಹಿಂದಿರುಗಿಸಿ.

ಟ್ಯೂಬ್ ಇಲ್ಲದೆ ಒಂದೇ ಒಂದು ಈಡನ್ನೂ ಹಾರಿಸಬೇಡಿ, ನಳಿಗೆಯ ಥ್ರೆಡ್ ಹಾಳಾಗುತ್ತದೆ. ಬಿಸಿ ತಡೆಯುವ ಗ್ರೀಸನ್ನು ಥ್ರೆಡ್ಡಿಗೆ ತೆಳ್ಳಗೆ ಸವರಿ, ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ಕೀಲಿಯಿಂದ ಹಿತವಾಗಿ ಬಿಗಿಯಿರಿ. ಪ್ರತಿ 25 ಈಡಿಗೊಮ್ಮೆ ಕೋವಿ ಖಾಲಿ ಮಾಡಿ ಬಿಗಿ ನೋಡಿ; ಸಡಿಲವಾದ ಟ್ಯೂಬಿನ ಹಿಂದೆ ಬಿಸಿಗಾಳಿ ನುಗ್ಗಿದರೆ ಕೆಟ್ಟಿತು. ದಿನದ ಕೊನೆಗೆ ಟ್ಯೂಬ್ ಬಿಚ್ಚಿ ಒಳಗೆ ಅಂಟಿದ ಪ್ಲಾಸ್ಟಿಕ್ ಕರೆಯನ್ನು ಸಾಲ್ವೆಂಟ್ ಹಾಕಿ ಉಜ್ಜಿ ತೆಗೆಯಿರಿ. ಆ ಕರೆ ಬಿಗಿತವನ್ನೂ ಬದಲಿಸುತ್ತದೆ. ತಿಂಗಳುಗಟ್ಟಲೆ ಬಿಚ್ಚದೆ ಕಚ್ಚಿಕೊಂಡಿದ್ದರೆ ನಳಿಗೆಯ ಬಾಯಿ ಕೆಳಗೆ ಮಾಡಿ, ಸಂದಿಗೆ ಇಳಿಯುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಗ್ಗೆ ಸರಿಯಾದ ಅಳತೆಯ ಕೀಲಿಗೂ ಜಗ್ಗದಿದ್ದರೆ ಇಕ್ಕಳ ಹಾಕಬೇಡಿ, ಕೋವಿ ರಿಪೇರಿಯವರಿಗೆ ಕೊಡಿ.

ಇಂತಿ,
ಶಾಟ್‌ಗನ್ ತರಬೇತುದಾರರು