ನಾಯಿ ಇದ್ರೆ ಮನೆ ಕೊಡಲ್ಲ ಅನ್ನುವ ಮುಂಚೆ

ಸಂಪಾದಕರೇ, ನಮಸ್ಕಾರ.

ಹಾಸನದಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಎರಡು ತಿಂಗಳಲ್ಲಿ ಒಂಬತ್ತು ಮನೆ ನೋಡಿದೆವು. ಅಡ್ವಾನ್ಸ್ ಮಾತುಕತೆ ಮುಗಿದಿರುತ್ತದೆ, ನೀರು ಯಾವಾಗ ಬಿಡ್ತಾರೆ ಅಂತಲೂ ಹೇಳಿರುತ್ತಾರೆ, ಕೊನೆಗೆ ನಾಯಿ ಇದೆ ಅಂದ ಕೂಡಲೇ ಮುಖ ತಿರುಗುತ್ತದೆ. ಒಬ್ಬರಂತೂ 'ನಾಯೀನ ಯಾರಿಗಾದ್ರೂ ಕೊಟ್ಟು ಬನ್ನಿ, ಇವತ್ತೇ ಬೀಗದ ಕೈ ಕೊಡ್ತೀನಿ' ಅಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು.

ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅಪ್ಪ ಹೊಸಿಲು ದಾಟುವುದನ್ನೇ ಬಿಟ್ಟಿದ್ದರು. ಶುಗರ್ ಮಾತ್ರೆ ತಗೊಂಡ್ರಾ ಅಂದರೆ 'ಹ್ಞೂಂ' ಅನ್ನುತ್ತಿದ್ದರು, ಡಬ್ಬಿ ತೆಗೆದು ನೋಡಿದರೆ ಮಾತ್ರೆ ಹಾಗೇ ಇರುತ್ತಿತ್ತು. ಆ ಮಳೆಗಾಲದಲ್ಲಿ ಚರಂಡಿ ಪಕ್ಕ ನಡುಗುತ್ತಿದ್ದ ಕೆಂದು ಮರಿಯೊಂದನ್ನು ನನ್ನ ಮಗ ಎತ್ತಿಕೊಂಡು ಬಂದ. ಬೇಡವೇ ಬೇಡ ಅಂದಿದ್ದು ಅಪ್ಪನೇ. ಈಗ ಬೆಳಿಗ್ಗೆ ಐದೂವರೆಗೆ ಕೆಂಚ ಬಂದು ಅವರ ಮಂಚದ ಅಂಚಿಗೆ ಗದ್ದ ಊರಿ ನಿಲ್ಲುತ್ತಾನೆ. ಬೊಗಳಲ್ಲ, ಸುಮ್ನೆ ನೋಡುತ್ತಾನೆ. 'ಬಂದೆ ಇರೋ' ಅಂತ ಅಪ್ಪ ಎದ್ದು ಮಫ್ಲರ್ ಸುತ್ತಿಕೊಳ್ಳುತ್ತಾರೆ, ಇಬ್ಬರೂ ಮಹಾರಾಜ ಪಾರ್ಕ್ ಕಡೆ ಹೊರಡುತ್ತಾರೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ. ಡಾಕ್ಟರು ಎಷ್ಟು ಸಲ ಹೇಳಿದರೂ ನಡೆಯದಿದ್ದ ಮನುಷ್ಯ! ದಾರಿಯಲ್ಲಿ ಹಾಲಿನವರು, ಹೂವಿನವರು ನಿಲ್ಲಿಸಿ ಮಾತಾಡಿಸುತ್ತಾರೆ. ಕೆಂಚನಿಗೆ ಮುದ್ದೆಗೆ ಹಾಲು ಕಲಸಿ ಇಟ್ಟ ಮೇಲೇ ಇವರು ಊಟಕ್ಕೆ ಕೂರುವುದು, ಹಾಗಾಗಿ ಊಟವೂ ಹೊತ್ತಿಗೆ ಸರಿಯಾಗಿ ಆಗುತ್ತದೆ, ಮಾತ್ರೆಯೂ ತಪ್ಪುವುದಿಲ್ಲ. ಶುಗರ್ ಈಗ ಹಿಡಿತದಲ್ಲಿದೆ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಸ್ವೀಡನ್ನಿನಲ್ಲಿ 40ರಿಂದ 80 ವರ್ಷದ 34 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು 12 ವರ್ಷದ ತನಕ ನೋಡಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಟಿಯಾಗಿ ಬದುಕುವವರಲ್ಲಿ ನಾಯಿ ಸಾಕಿದವರಿಗೆ ಸಾವಿನ ಅಪಾಯ ಶೇ 33ರಷ್ಟು ಕಡಿಮೆ ಕಂಡಿತ್ತು. ನಾಯಿ ಸಾಕಿದ್ದರಿಂದಲೇ ಹೀಗಾಯಿತು ಅಂತ ಅದರಿಂದ ಸಾಬೀತಾಗುವುದಿಲ್ಲ, ಮೊದಲೇ ಗಟ್ಟಿಮುಟ್ಟಾಗಿದ್ದವರು ನಾಯಿ ಸಾಕಿರಬಹುದು, ನಿಜ. ಆದರೆ ದಿನಾ ನಡಿಗೆ, ನಾಲ್ಕು ಜನರ ಜೊತೆ ಮಾತು, ನನ್ನನ್ನೇ ನಂಬಿಕೊಂಡ ಒಂದು ಜೀವ ಮನೆಯಲ್ಲಿದೆ ಅನ್ನುವ ಭಾವನೆ, ಇವು ವಯಸ್ಸಾದವರ ಮೈಗೂ ಮನಸ್ಸಿಗೂ ಒಳ್ಳೆಯದು ಅನ್ನುವುದರಲ್ಲಿ ಅನುಮಾನ ಏನಿದೆ?

ಮನೆ ಮಾಲೀಕರ ಭಯ ನನಗೆ ಅರ್ಥವಾಗುತ್ತದೆ. ಗಲೀಜು, ಗಲಾಟೆ, ಎಲ್ಲಕ್ಕಿಂತ ಜಾಸ್ತಿ ರೇಬೀಸ್. ರೇಬೀಸ್ ಬಂದರೆ ಉಳಿಯುವುದೇ ಇಲ್ಲ ಅನ್ನುವಷ್ಟು ಭೀಕರ ಕಾಯಿಲೆ, ಹಗುರವಾಗಿ ತಗೊಳ್ಳುವ ಮಾತೇ ಇಲ್ಲ. ಆದರೆ ಅದಕ್ಕೆ ಲಸಿಕೆ ಇದೆ, ಮರಿಗೆ ಮೂರು ತಿಂಗಳಾದಾಗ ಶುರು ಮಾಡಿ ವರ್ಷ ವರ್ಷ ತಪ್ಪದೆ ಹಾಕಿಸಬೇಕು. ನಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ವಾ, ದೂರ ಎಲ್ಲೂ ಅಲೆಯಬೇಕಾಗಿಲ್ಲ. ಹೊರಗೆ ಹೋದಾಗ ನಾಯಿ ಗಲೀಜು ಮಾಡಿದರೆ ಕವರಿನಲ್ಲಿ ಎತ್ತಿ ಹಾಕುವುದು ಸಾಕಿದವರ ಕೆಲಸ, ಅಪ್ಪ ಜೇಬಿನಲ್ಲಿ ಹಳೇ ನ್ಯೂಸ್ ಪೇಪರ್ ಇಟ್ಟುಕೊಂಡೇ ಹೋಗುತ್ತಾರೆ. ಇಷ್ಟು ಮಾಡದವರಿಗೆ ಮನೆ ಕೊಡಬೇಡಿ, ನಾನೂ ಒಪ್ಪುತ್ತೇನೆ. ಆದರೆ ಎಲ್ಲರಿಗೂ ಒಂದೇ ಸಲ ಬಾಗಿಲು ಹಾಕಬೇಡಿ.

ಮುಂದಿನ ತಿಂಗಳು ನಾವು ಈಗಿನ ಮನೆ ಖಾಲಿ ಮಾಡಬೇಕು. ಲಸಿಕೆ ಕಾರ್ಡ್ ತೋರಿಸುತ್ತೇವೆ, ಗೋಡೆಗೆ ಬಣ್ಣ ನಾವೇ ಹೊಡೆಸಿ ಕೊಡುತ್ತೇವೆ. ಒಂದು ಸಲ ಅಪ್ಪನನ್ನೂ ಕೆಂಚನನ್ನೂ ಜೊತೆಯಲ್ಲಿ ನೋಡಿ, ಆಮೇಲೆ ಹೇಳಿ.

– ಓದುಗರೊಬ್ಬರು, ವಿದ್ಯಾನಗರ, ಹಾಸನ